ಕಡುನೀಲಿಯ ಪರಂಪರೆ: ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರೀಡಾ ತಂಡಗಳು

ನಮ್ಮ ಕಾಲೇಜುಗಳಲ್ಲಿ 'ಅವನು ಯೂನಿವರ್ಸಿಟಿ ಬ್ಲೂ' ಎಂಬ ಮಾತಿಗೆ ಇಂದಿಗೂ ಒಂದು ತೂಕವಿದೆ. ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ತಂಡದಲ್ಲಿ ಹೋಗಿಬಂದ ಹುಡುಗ ಲಾಂಛನ ಹೊಲಿದ ಬ್ಲೇಜರ್ ತೊಟ್ಟು ಕಾಲೇಜು ದಿನಾಚರಣೆಯಲ್ಲಿ ವೇದಿಕೆ ಹತ್ತಿದರೆ ಸಭಾಂಗಣದಲ್ಲಿ ಚಪ್ಪಾಳೆ ಬೇಗ ನಿಲ್ಲುವುದಿಲ್ಲ. ನೌಕರಿಯ ಅರ್ಜಿಯಲ್ಲೂ ಮದುವೆಯ ಮಾತುಕತೆಯಲ್ಲೂ ಆ ಒಂದು ಪದ ಬಂದುಹೋಗುತ್ತದೆ. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾನಿಲಯಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇಂಗ್ಲೆಂಡಿನ ಎರಡು ನದಿಗಳ ದಡದಲ್ಲಿ ಈ ಗೌರವ ಹುಟ್ಟಿತು. ವಿಶ್ವವಿದ್ಯಾನಿಲಯ ಕ್ರೀಡೆಗೆಂದೇ ಮೀಸಲಾದ ಈ ಸಂಚಿಕೆಯಲ್ಲಿ ಅದರ ಮೂಲಕ್ಕೊಂದು ಜಾಗ ಇರಬೇಕು. ಕೇಂಬ್ರಿಜಿನ ಕಥೆಯನ್ನು ಬೇರೆಯಾಗಿಯೇ ಹೇಳಬೇಕಾದೀತು. ಇಲ್ಲಿ ಹೇಳುತ್ತಿರುವುದು ಆಕ್ಸ್‌ಫರ್ಡಿನದು.

ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ಈ ಪರಂಪರೆಯನ್ನು ಕಟ್ಟಿದವರು ಕುಲಪತಿಗಳಲ್ಲ, ಸಿಂಡಿಕೇಟೂ ಅಲ್ಲ. ಚಾರ್ಲ್ಸ್ ವರ್ಡ್ಸ್‌ವರ್ತ್ ಎಂಬ ವಿದ್ಯಾರ್ಥಿ. ಕವಿ ವಿಲಿಯಂ ವರ್ಡ್ಸ್‌ವರ್ತನ ತಮ್ಮನ ಮಗನಾದ ಈತ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಓದುತ್ತಿದ್ದ. ತಂದೆ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥರು. ಹೀಗಾಗಿ ರಜೆ ಬಂತೆಂದರೆ ಹುಡುಗನ ವಾಸ ಕೇಂಬ್ರಿಜಿನಲ್ಲೇ. ಹ್ಯಾರೋ ಶಾಲೆಯಲ್ಲಿ ಜೊತೆಗೆ ಓದಿದ್ದ ಚಾರ್ಲ್ಸ್ ಮೆರಿವೇಲ್ ಅಲ್ಲಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿದ್ದ. ಒಂದೇ ಶಾಲೆಯ ಗೆಳೆಯರು ಎರಡು ವಿಶ್ವವಿದ್ಯಾನಿಲಯಗಳಿಗೆ ಹಂಚಿಹೋದಾಗ 'ನಿಮ್ಮವರು ಮೇಲೋ ನಮ್ಮವರು ಮೇಲೋ' ಎಂಬ ಪ್ರಶ್ನೆ ಏಳದೆ ಇರುತ್ತದೆಯೇ? 1827ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಎರಡೂ ವಿಶ್ವವಿದ್ಯಾನಿಲಯಗಳ ನಡುವೆ ಮೊದಲ ಕ್ರಿಕೆಟ್ ಪಂದ್ಯ ನಡೆಯಿತು. ಅದನ್ನು ಏರ್ಪಡಿಸಿದವನೂ ಆಕ್ಸ್‌ಫರ್ಡ್ ತಂಡವನ್ನು ಮುನ್ನಡೆಸಿದವನೂ ವರ್ಡ್ಸ್‌ವರ್ತನೇ. ಎರಡು ವರ್ಷದ ನಂತರ ಕೇಂಬ್ರಿಜಿನಿಂದ ದೋಣಿ ಸ್ಪರ್ಧೆಗೆ ಸವಾಲಿನ ಪತ್ರ ಬಂತು. 1829ರ ಜೂನ್ 10ರಂದು ಥೇಮ್ಸ್ ದಡದ ಹೆನ್ಲಿಯಲ್ಲಿ ಎಂಟೆಂಟು ಹುಟ್ಟುಗಳ ದೋಣಿಗಳು ಎದುರಾದವು. ಗೆದ್ದದ್ದು ಆಕ್ಸ್‌ಫರ್ಡ್. ಆ ದೋಣಿಯಲ್ಲೂ ವರ್ಡ್ಸ್‌ವರ್ತ್ ಇದ್ದ. ಮುಂದೆ ಆತ ಸ್ಕಾಟ್ಲೆಂಡಿನಲ್ಲಿ ಬಿಷಪ್ ಆದ. ಆದರೂ ಜಗತ್ತು ಅವನನ್ನು ನೆನೆಯುವುದು ಇಪ್ಪತ್ತರ ಆಸುಪಾಸಿನಲ್ಲಿ ಅವನು ಮಾಡಿದ ಈ ಎರಡು ಕೆಲಸಗಳಿಗಾಗಿ.

ಬಣ್ಣ ಬಂದದ್ದೂ ಆ ದೋಣಿಯಿಂದಲೇ. ಅಂದಿನ ತಂಡದಲ್ಲಿ ಕ್ರೈಸ್ಟ್ ಚರ್ಚಿನವರೇ ಹೆಚ್ಚು. ಅವರ ಕಾಲೇಜಿನ ಕಡುನೀಲಿ ಇಡೀ ಆಕ್ಸ್‌ಫರ್ಡಿನ ಬಣ್ಣವಾಯಿತು. ಎರಡನೆಯ ಸ್ಪರ್ಧೆ ನಡೆದ 1836ರಲ್ಲಿ ಕೇಂಬ್ರಿಜಿನ ದೋಣಿಗೆ ಬಣ್ಣವಿಲ್ಲವೆಂದು ಕೊನೆಗಳಿಗೆಯಲ್ಲಿ ಯಾರೋ ಅಂಗಡಿಗೆ ಓಡಿ ತಿಳಿನೀಲಿ ರಿಬ್ಬನ್ನಿನ ತುಂಡೊಂದನ್ನು ತಂದು ಮೂತಿಗೆ ಕಟ್ಟಿದರೆಂದು ಹೇಳುತ್ತಾರೆ. ಕಡುನೀಲಿ ಆಕ್ಸ್‌ಫರ್ಡಿಗೆ, ತಿಳಿನೀಲಿ ಕೇಂಬ್ರಿಜಿಗೆ ಎಂಬುದು ಅಲ್ಲಿಂದೀಚೆಗೆ ಬದಲಾಗಿಲ್ಲ.

ಆ ಬಣ್ಣವನ್ನು ತೊಡುವ ಹಕ್ಕೇ 'ಬ್ಲೂ'. ಅದನ್ನು ಗಳಿಸುವ ನಿಯಮ ಬಿಗಿಯಾದದ್ದು. ವರ್ಷವಿಡೀ ವಿಶ್ವವಿದ್ಯಾನಿಲಯದ ಪರ ಆಡಿ ನೂರು ಪಂದ್ಯ ಗೆದ್ದರೂ ಸಾಲದು. ಕೇಂಬ್ರಿಜಿನ ವಿರುದ್ಧದ ವಾರ್ಷಿಕ ಪಂದ್ಯದಲ್ಲಿ ಕಣಕ್ಕಿಳಿಯಬೇಕು. ಕೆಲವು ಆಟಗಳಿಗೆ ಪೂರ್ಣ ಬ್ಲೂ, ಉಳಿದವಕ್ಕೆ ಅರ್ಧ ಬ್ಲೂ. ಯಾವ ಆಟಕ್ಕೆ ಯಾವುದು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಕೂರುವವರೂ ವಿದ್ಯಾರ್ಥಿ ನಾಯಕರೇ. ಇದರಲ್ಲಿ ನಗದಿಲ್ಲ, ಗುತ್ತಿಗೆಯಿಲ್ಲ. ಇಷ್ಟಕ್ಕೇ ಚಳಿಗಾಲದ ಮುಂಜಾನೆ ಕತ್ತಲಲ್ಲಿ ಎದ್ದು ನದಿಗೆ ಹೋಗುವ ಹುಡುಗ ಹುಡುಗಿಯರು ಎರಡು ಶತಮಾನಗಳಿಂದ ಕಡಿಮೆಯಾಗಿಲ್ಲ.

ಕೇಂಬ್ರಿಜಿನ ಎದುರು ನಿಲ್ಲುವ ಮೊದಲು ಆಕ್ಸ್‌ಫರ್ಡಿನ ಕಾಲೇಜುಗಳು ತಮ್ಮತಮ್ಮಲ್ಲೇ ಸೆಣಸುತ್ತವೆ. ಆ ಸೆಣಸಾಟವನ್ನು ಬಿಟ್ಟು ಆಕ್ಸ್‌ಫರ್ಡಿನ ಕ್ರೀಡೆಯನ್ನು ಅರ್ಥ ಮಾಡಿಕೊಳ್ಳಲಾಗದು ಎಂದು ನನ್ನ ನಂಬಿಕೆ. ಊರೊಳಗೆ ಹರಿಯುವ ಥೇಮ್ಸಿಗೆ ಅಲ್ಲಿನವರು ಕರೆಯುವ ಹೆಸರು ಐಸಿಸ್. ನದಿ ಕಿರಿದು, ದೋಣಿಗಳು ಅಕ್ಕಪಕ್ಕ ನಿಂತು ಓಡಲು ಜಾಗವಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯವೇ 'ಬಂಪ್ಸ್'. ಇಫ್ಲಿ ಲಾಕ್ ಕಡೆಯಿಂದ ಹನ್ನೆರಡು ಹದಿಮೂರು ದೋಣಿಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ನಡುವಿನ ಅಂತರ ಸುಮಾರು ಒಂದೂವರೆ ದೋಣಿಯ ಉದ್ದ. ದೋಣಿ ಹರಿವಿಗೆ ಸಿಕ್ಕಿ ಜಾರದಂತೆ ದಡಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಚುಕ್ಕಾಣಿ ಹಿಡಿದವರು ಕೈಯಲ್ಲಿ ಹಿಡಿದು ಕೂತಿರುತ್ತಾರೆ. ಐದು ನಿಮಿಷ ಇರುವಾಗ ಒಂದು ಗುಂಡು, ಒಂದು ನಿಮಿಷ ಇರುವಾಗ ಇನ್ನೊಂದು. ಮೂರನೆಯದು ಹಾರಿದ್ದೇ ತಡ, ಹಗ್ಗ ಕೈಬಿಟ್ಟು ಎಲ್ಲರೂ ಒಟ್ಟಿಗೆ ಹುಟ್ಟು ಹಾಕುತ್ತಾರೆ. ಹಿಂದಿನವರಿಗೆ ಸಿಗುವ ಮೊದಲು ಮುಂದಿನ ದೋಣಿಯನ್ನು ಮುಟ್ಟಬೇಕು, ಅಷ್ಟೇ. ಮುಟ್ಟಿಸಿಕೊಂಡ ದೋಣಿಯ ಚುಕ್ಕಾಣಿಗ ಕೈ ಎತ್ತಿ ಸೋಲೊಪ್ಪುತ್ತಾನೆ. ಎರಡೂ ದೋಣಿಗಳು ದಡಕ್ಕೆ ಸರಿದು ಹಿಂದೆ ಬರುತ್ತಿರುವವರಿಗೆ ದಾರಿ ಬಿಡುತ್ತವೆ. ಮರುದಿನ ಅವೆರಡೂ ಸ್ಥಾನ ಬದಲಿಸಿಕೊಂಡು ನಿಲ್ಲುತ್ತವೆ.

ಮೇ ತಿಂಗಳಿನ 'ಎಯ್ಟ್ಸ್' ವಾರದಲ್ಲಿ ಇದು ನಾಲ್ಕು ದಿನ ನಡೆಯುತ್ತದೆ. ಕಾಲೇಜು ಕಾಲೇಜೇ ದಡಕ್ಕೆ ಇಳಿದು ಬಂದು ಆ ನಾಲ್ಕು ದಿನ ನದಿಗೆ ಜಾತ್ರೆಯ ಕಳೆ ಬರುತ್ತದೆ. ಈ ಆಟದ ಜೀವ ಇರುವುದು ಅದರ ಒಂದು ಕಟ್ಟಳೆಯಲ್ಲಿ: ಈ ವರ್ಷ ಕೊನೆಯ ದಿನ ಯಾರು ಎಲ್ಲಿದ್ದರೋ ಬರುವ ವರ್ಷ ಅಲ್ಲಿಂದಲೇ ಶುರು. ಹೊಸ ಲಾಟರಿ ಇಲ್ಲ, ಹೊಸ ಶ್ರೇಯಾಂಕ ಇಲ್ಲ. ಹೀಗಾಗಿ ಇಂದು ಹುಟ್ಟು ಹಿಡಿದ ಹತ್ತೊಂಬತ್ತರ ಹುಡುಗಿ ತಾನು ಹುಟ್ಟುವ ಮೊದಲೇ ಯಾರೋ ಗಳಿಸಿಟ್ಟ ಜಾಗವನ್ನು ಕಾಯುತ್ತಿರುತ್ತಾಳೆ, ಇಲ್ಲವೇ ಯಾರೋ ಕಳೆದದ್ದನ್ನು ಮರಳಿ ಪಡೆಯುತ್ತಿರುತ್ತಾಳೆ. ದಾಖಲೆಗೆ ಸಿಕ್ಕ ಮೊದಲ ಸ್ಪರ್ಧೆ 1815ರದು. ಅಂದು ಮೊದಲ ಸ್ಥಾನದಲ್ಲಿದ್ದದ್ದು ಬ್ರೇಸ್‌ನೋಸ್ ಕಾಲೇಜು. ನಾಲ್ಕೂ ದಿನ ಮುಂದಿನ ದೋಣಿಯನ್ನು ಮುಟ್ಟಿದ ತಂಡದವರು ಒಂದೊಂದು ಹುಟ್ಟಿನ ಅಲಗಿನ ಮೇಲೆ ಕಾಲೇಜಿನ ಲಾಂಛನ, ತಂಡದ ಪ್ರತಿಯೊಬ್ಬರ ಹೆಸರು ಮತ್ತು ತೂಕ, ತಾವು ಮುಟ್ಟಿದ ಕಾಲೇಜುಗಳ ಹೆಸರನ್ನು ಬಣ್ಣದಲ್ಲಿ ಬರೆಸಿ ಮನೆಗೆ ಒಯ್ಯುತ್ತಾರೆ. ಕಾಲೇಜಿನ ಅಂಗಳದ ಕಲ್ಲುಗೋಡೆಯ ಮೇಲೂ ಸೀಮೆಸುಣ್ಣದಲ್ಲಿ ಆ ವರ್ಷದ ಗೆಲುವು ಬರೆಯಲ್ಪಡುತ್ತದೆ. ಶತಮಾನಗಳ ಹಳೆಯ ಗೋಡೆಯ ಮೇಲೆ ಬರೆಯಲು ಬಿಡುವ ಆಡಳಿತವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎಲ್ಲಕ್ಕಿಂತ ಮೇಲಿನ ಸ್ಥಾನ ಪಡೆದ ಕಾಲೇಜು ರಾತ್ರಿ ಊಟದ ನಂತರ ಹಳೆಯ ದೋಣಿಯೊಂದಕ್ಕೆ ಬೆಂಕಿ ಹಚ್ಚುವುದೂ ತಂಡದವರು ಜ್ವಾಲೆಯ ಮೇಲೆ ಹಾರುವುದೂ ಹಿಂದಿನಿಂದ ಬಂದ ಪದ್ಧತಿ.

ಬ್ರೇಸ್‌ನೋಸಿನ ವಾಲ್ಟರ್ ಬ್ರಾಡ್‌ಫರ್ಡ್ ವುಡ್‌ಗೇಟನನ್ನು ಇಲ್ಲಿ ನೆನೆಯಲೇಬೇಕು. ದೊಡ್ಡ ಅಂಬಿಗ, ಅಷ್ಟೇ ದೊಡ್ಡ ಸಾಹಸಿ. 1863ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ ಆತ ಕಟ್ಟಿದ ವಿನ್ಸೆಂಟ್ಸ್ ಕ್ಲಬ್ ಇಂದಿಗೂ ಆಕ್ಸ್‌ಫರ್ಡಿನ ಆಟಗಾರರ ಕೂಟವಾಗಿ ನಡೆಯುತ್ತಿದೆ. 1868ರ ಹೆನ್ಲಿ ಸ್ಪರ್ಧೆಯಲ್ಲಿ ನಾಲ್ವರ ದೋಣಿಗೆ ಚುಕ್ಕಾಣಿಗ ಬೇಕೇ ಬೇಕೆಂಬ ನಿಯಮವಿತ್ತು. ಬೇಡವೆಂಬುದು ವುಡ್‌ಗೇಟನ ವಾದ. ಸ್ಪರ್ಧೆ ಶುರುವಾಗುತ್ತಿದ್ದಂತೆ ಅವನ ಮಾತಿನಂತೆ ಚುಕ್ಕಾಣಿಗ ನೀರಿಗೆ ಹಾರಿಬಿಟ್ಟ. ಹಗುರಾದ ದೋಣಿ ಸಲೀಸಾಗಿ ಮೊದಲು ಬಂತು, ಕೂಡಲೇ ಅನರ್ಹವೂ ಆಯಿತು. ಆದರೆ ಕೆಲವೇ ವರ್ಷಗಳಲ್ಲಿ ಚುಕ್ಕಾಣಿಗನಿಲ್ಲದ ನಾಲ್ವರ ದೋಣಿ ಹೆನ್ಲಿಯಲ್ಲಿ ಅಧಿಕೃತವಾಯಿತು.

ಇನ್ನು ಜಗತ್ತಿಗೆಲ್ಲ ಗೊತ್ತಿರುವ ದೋಣಿ ಸ್ಪರ್ಧೆ. 1845ರಿಂದ ಅದರ ದಾರಿ ಲಂಡನ್ನಿನ ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗೆ, ಸುಮಾರು 6.8 ಕಿಲೋಮೀಟರ್. 1856ರಿಂದ, ಮಹಾಯುದ್ಧಗಳ ವರ್ಷಗಳನ್ನು ಬಿಟ್ಟರೆ, ಪ್ರತಿವರ್ಷ ನಡೆಯುತ್ತ ಬಂದದ್ದು ಕೋವಿಡ್‌ನಿಂದ 2020ರಲ್ಲಿ ನಿಂತಿತು. ಮರುವರ್ಷ ಜನರಿಲ್ಲದ ದಡದಲ್ಲಿ, ಈಲಿ ಎಂಬ ಊರಿನ ನದಿಯಲ್ಲಿ ನಡೆಯಿತು. ಯಾವ ದಡದ ಕಡೆ ಯಾರ ದೋಣಿ ಎಂದು ನಿರ್ಧರಿಸಲು ಚಿಮ್ಮುವ ಚಿನ್ನದ ನಾಣ್ಯ ಮೊದಲ ಸ್ಪರ್ಧೆಯ ವರ್ಷವಾದ 1829ರದು. ನದಿಯ ತಿರುವುಗಳು ಒಮ್ಮೆ ಒಬ್ಬರಿಗೆ, ಇನ್ನೊಮ್ಮೆ ಮತ್ತೊಬ್ಬರಿಗೆ ಅನುಕೂಲವಾಗುವುದರಿಂದ ಆ ನಾಣ್ಯ ಬೀಳುವ ಬಗೆಗೂ ಬೆಲೆಯಿದೆ. 1877ರಲ್ಲಿ ಸ್ಪರ್ಧೆ ಸಮಬಲದಲ್ಲಿ ಮುಗಿಯಿತು. 1912ರಲ್ಲಿ ಗಾಳಿ ಅಲೆಗಳ ಹೊಡೆತಕ್ಕೆ ಎರಡೂ ದೋಣಿಗಳು ಮುಳುಗಿದವು, ಮತ್ತೆ ನಡೆಸಿದಾಗ ಆಕ್ಸ್‌ಫರ್ಡ್ ಗೆದ್ದಿತು. 1976ರಿಂದ ಸತತ ಹತ್ತು ವರ್ಷ ಗೆದ್ದದ್ದು ಆಕ್ಸ್‌ಫರ್ಡಿನ ಹೆಮ್ಮೆ. ಆದರೆ ಒಟ್ಟು ಲೆಕ್ಕದಲ್ಲಿ ಮುಂದಿರುವುದು ಕೇಂಬ್ರಿಜ್. 2003ರಲ್ಲಿ ಅಷ್ಟು ದೂರ ಹುಟ್ಟು ಹಾಕಿ ಬಂದ ಎರಡು ದೋಣಿಗಳ ನಡುವೆ ಕೊನೆಗೆ ಉಳಿದ ಅಂತರ ಒಂದೇ ಅಡಿ. ಗೆಲುವು ಆಕ್ಸ್‌ಫರ್ಡಿನದು. ಆ ವರ್ಷ ಎರಡು ಮನೆಗಳ ಅಣ್ಣತಮ್ಮಂದಿರು ಎದುರಾಳಿ ದೋಣಿಗಳಲ್ಲಿ ಕೂತಿದ್ದರು. ಗೆದ್ದ ಮಗನನ್ನು ಅಪ್ಪಿಕೊಳ್ಳುವುದೋ ಸೋತವನನ್ನು ಸಂತೈಸುವುದೋ, ಆ ತಾಯಂದಿರ ಸ್ಥಿತಿಯನ್ನು ಊಹಿಸಬಹುದು.

ಸಂಸ್ಥೆಯ ಇತಿಹಾಸದ ದೃಷ್ಟಿಯಿಂದ ನನಗೆ ಮುಖ್ಯವೆನಿಸುವ ವರ್ಷ 1987. ಆಕ್ಸ್‌ಫರ್ಡ್ ದೋಣಿ ಕ್ಲಬ್ಬಿನ ಅಧ್ಯಕ್ಷ ಯಾವತ್ತೂ ವಿದ್ಯಾರ್ಥಿ, ತಾನೂ ಹುಟ್ಟು ಹಾಕುವವನು. ಆ ವರ್ಷದ ಅಧ್ಯಕ್ಷ ಡೊನಾಲ್ಡ್ ಮ್ಯಾಕ್ಡೊನಾಲ್ಡ್. ತಂಡದ ಆಯ್ಕೆಯ ವಿಚಾರದಲ್ಲಿ ಅವನಿಗೂ, ಅನುಭವಿಗಳಾದ ಅಮೆರಿಕದ ಅಂಬಿಗರಿಗೂ ಜಗಳ ಹತ್ತಿತು. ಅವರು ದೋಣಿ ಹತ್ತುವುದಿಲ್ಲವೆಂದರು. ಪತ್ರಿಕೆಗಳಿಗೆ ಹಬ್ಬವಾಯಿತು. ವಿಶ್ವವಿದ್ಯಾನಿಲಯದ ಅಧಿಕಾರಿಗಳು ಕೈಹಾಕಿ ಇತ್ಯರ್ಥ ಮಾಡಲಿಲ್ಲ. ಕಾಲೇಜುಗಳ ದೋಣಿ ನಾಯಕರೇ ಸಭೆ ಸೇರಿ ಮತ ಹಾಕಿ ಅಧ್ಯಕ್ಷನ ಬೆನ್ನಿಗೆ ನಿಂತರು. ಮೀಸಲು ತಂಡವಾದ 'ಐಸಿಸ್'ನಿಂದ ಹುಡುಗರನ್ನು ಸೇರಿಸಿಕೊಂಡು ನೀರಿಗಿಳಿದ ದೋಣಿಯ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಅದೇ ದೋಣಿ ನಾಲ್ಕು ದೋಣಿಯಷ್ಟು ಅಂತರದಿಂದ ಗೆದ್ದಿತು. ಅಮೆರಿಕದವರ ವಾದದಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ವಿದ್ಯಾರ್ಥಿಗಳ ಸಂಸ್ಥೆಯ ಬಿಕ್ಕಟ್ಟನ್ನು ವಿದ್ಯಾರ್ಥಿಗಳೇ ಬಗೆಹರಿಸಿದ್ದು ದೊಡ್ಡದು.

ಹೆಣ್ಣುಮಕ್ಕಳಿಗೆ ಈ ನದಿ ಸುಲಭವಾಗಿ ಒಲಿಯಲಿಲ್ಲ. ಆಕ್ಸ್‌ಫರ್ಡ್ ಅವರಿಗೆ ಪದವಿ ಕೊಡತೊಡಗಿದ್ದೇ 1920ರಲ್ಲಿ. 1927ರಲ್ಲಿ ಐಸಿಸ್ ನದಿಯ ಮೇಲೆ ಎರಡೂ ವಿಶ್ವವಿದ್ಯಾನಿಲಯಗಳ ಮಹಿಳಾ ತಂಡಗಳು ಮೊದಲ ಸಲ ಎದುರಾದಾಗ ಅವರು ಅಕ್ಕಪಕ್ಕ ಓಡುವಂತಿರಲಿಲ್ಲ. ಒಂದೊಂದೇ ದೋಣಿ ಸಾಗಬೇಕು, ವೇಗದ ಜೊತೆಗೆ ಶೈಲಿಗೂ ಅಂಕ. ದಡದಲ್ಲಿ ನಿಂತು ಕೂಗಿ ವಿರೋಧಿಸಿದವರೂ ಇದ್ದರು. 1981ರಲ್ಲಿ ಸೂಸನ್ ಬ್ರೌನ್ ಪುರುಷರ ದೋಣಿಗೆ ಚುಕ್ಕಾಣಿ ಹಿಡಿದ ಮೊದಲ ಮಹಿಳೆಯಾದರು, ಆಕ್ಸ್‌ಫರ್ಡನ್ನು ಗೆಲ್ಲಿಸಿಯೂ ಬಂದರು. ಆದರೂ ಮಹಿಳೆಯರ ಸ್ಪರ್ಧೆ ಪುರುಷರ ಸ್ಪರ್ಧೆಯ ದಿನವೇ, ಅದೇ ಲಂಡನ್ ದಾರಿಯಲ್ಲಿ ನಡೆಯಲು 2015ರವರೆಗೆ ಕಾಯಬೇಕಾಯಿತು. ಎಂಬತ್ತೆಂಟು ವರ್ಷ! ಪರಂಪರೆಯನ್ನು ಹೊಗಳುವಾಗ ಈ ವಿಳಂಬವನ್ನು ಮರೆಯುವುದು ನ್ಯಾಯವಲ್ಲ.

ಪರಂಪರೆ ನದಿಯಲ್ಲಷ್ಟೇ ಇರಲಿಲ್ಲ, ಮೈದಾನದಲ್ಲೂ ಇತ್ತು. ಫುಟ್ಬಾಲಿನಲ್ಲಿ 1874ರಷ್ಟು ಹಿಂದೆಯೇ ಆಕ್ಸ್‌ಫರ್ಡ್ ಎಫ್.ಎ. ಕಪ್ ಗೆದ್ದಿತ್ತು, ಫೈನಲಿನಲ್ಲಿ ರಾಯಲ್ ಎಂಜಿನಿಯರ್ಸ್ ತಂಡವನ್ನು ಎರಡು ಗೋಲುಗಳಿಂದ ಸೋಲಿಸಿ. ರಗ್ಬಿಯಲ್ಲಿ ಕೇಂಬ್ರಿಜಿನ ಎದುರಿನ ಪಂದ್ಯ 1872ರಿಂದ ಇದೆ.

ಅಥ್ಲೆಟಿಕ್ಸಿನ ಮಾತು ಬಂದಾಗ ಇಫ್ಲಿ ರಸ್ತೆಯ ಟ್ರ್ಯಾಕಿನ ಬಳಿ ನಿಲ್ಲಬೇಕು. ಎಕ್ಸೆಟರ್ ಕಾಲೇಜಿನ ವೈದ್ಯ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್ ವಿಶ್ವವಿದ್ಯಾನಿಲಯದ ಅಥ್ಲೆಟಿಕ್ ಕ್ಲಬ್ಬಿನ ಅಧ್ಯಕ್ಷನಾದಾಗ ಅಲ್ಲಿನ ಟ್ರ್ಯಾಕ್ ಉಬ್ಬುತಗ್ಗಿನದು, ಮೂರು ಸುತ್ತಿಗೆ ಒಂದು ಮೈಲಿ ಆಗುವಂಥದು. ಹೊರಗೆ ಎಲ್ಲೆಡೆ ನಾಲ್ಕು ಸುತ್ತಿಗೆ ಮೈಲಿ. ಬ್ಯಾನಿಸ್ಟರ್ ಹಟ ಹಿಡಿದು ಓಡಾಡಿ ಅದನ್ನು ಕೀಳಿಸಿ, 440 ಗಜದ ಆರು ಪಥಗಳ ಹೊಸ ಟ್ರ್ಯಾಕ್ ಹಾಕಿಸಿದ. ಅದು ಸಿದ್ಧವಾದದ್ದು 1950ರಲ್ಲಿ. ನಾಲ್ಕು ವರ್ಷದ ನಂತರ, 1954ರ ಮೇ 6ರ ಸಂಜೆ, ಲಂಡನ್ನಿನ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅದೇ ಬ್ಯಾನಿಸ್ಟರ್ ಹವ್ಯಾಸಿ ಅಥ್ಲೆಟಿಕ್ ಸಂಘದ ಪರವಾಗಿ ಆಕ್ಸ್‌ಫರ್ಡಿನ ವಿರುದ್ಧ ಓಡಲು ಅದೇ ಟ್ರ್ಯಾಕಿಗೆ ಬಂದ. ಬೆಳಗಿನಿಂದ ಗಾಳಿ ಜೋರಾಗಿತ್ತು, ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸುವ ಪ್ರಯತ್ನವನ್ನೇ ಕೈಬಿಡುವ ಯೋಚನೆಯಲ್ಲಿದ್ದ. ಪಕ್ಕದ ಚರ್ಚಿನ ಗೋಪುರದ ಮೇಲಿನ ಬಾವುಟ ಕೊನೆಯ ಹೊತ್ತಿಗೆ ಸ್ವಲ್ಪ ಜೋತುಬಿದ್ದುದನ್ನು ಕಂಡು ಓಡಲು ಗಟ್ಟಿ ಮಾಡಿದ. ಮೊದಲು ಕ್ರಿಸ್ ಬ್ರೇಷರ್, ಆಮೇಲೆ ಕ್ರಿಸ್ ಚಾಟವೇ ಮುಂದೆ ಓಡಿ ಗತಿ ಕಾಯ್ದರು. ಇವರಲ್ಲಿ ಬ್ರೇಷರ್ ಕೇಂಬ್ರಿಜಿನವನು. ಓಟ ಮುಗಿದ ಮೇಲೆ ಧ್ವನಿವರ್ಧಕದಲ್ಲಿ ಫಲಿತಾಂಶ ಓದಿದ ನಾರಿಸ್ ಮೆಕ್‌ವರ್ಟರ್ 'ಮೂರು' ಎಂದದ್ದಷ್ಟೇ ಕೇಳಿಸಿತು, ಉಳಿದದ್ದು ಜನರ ಕೂಗಿನಲ್ಲಿ ಮುಳುಗಿತು. 3 ನಿಮಿಷ 59.4 ಸೆಕೆಂಡು. ಮನುಷ್ಯ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ್ದು ದಾಖಲಾದದ್ದು ಅದೇ ಮೊದಲು. ವಿದ್ಯಾರ್ಥಿಯಾಗಿ ತಾನೇ ಹಾಕಿಸಿದ ಟ್ರ್ಯಾಕಿನ ಮೇಲೆ! ಬ್ಯಾನಿಸ್ಟರ್ ಮುಂದೆ ಹೆಸರಾಂತ ನರರೋಗ ತಜ್ಞರಾದರು, ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿನ ಮುಖ್ಯಸ್ಥರೂ ಆದರು. ಇಂದು ಆ ಟ್ರ್ಯಾಕ್ ಅವರ ಹೆಸರಿನಲ್ಲಿದೆ.

ನಮ್ಮವರ ಪಾಲು ಹೆಚ್ಚಾಗಿ ಕ್ರಿಕೆಟ್ಟಿನಲ್ಲಿದೆ. ಬೇಲಿಯಲ್ ಕಾಲೇಜಿನ ಇಫ್ತಿಕಾರ್ ಅಲಿ ಖಾನ್ ಪಟೌಡಿ ಕ್ರಿಕೆಟ್, ಹಾಕಿ, ಬಿಲಿಯರ್ಡ್ಸ್ ಮೂರರಲ್ಲೂ ಆಕ್ಸ್‌ಫರ್ಡನ್ನು ಪ್ರತಿನಿಧಿಸಿದವರು. 1931ರಲ್ಲಿ ಲಾರ್ಡ್ಸಿನಲ್ಲಿ ಕೇಂಬ್ರಿಜಿನ ಅಲನ್ ರ‍್ಯಾಟ್‌ಕ್ಲಿಫ್ 201 ಓಟ ಹೊಡೆದು ಈ ಪಂದ್ಯದ ದಾಖಲೆ ಮಾಡಿದ. ಅದನ್ನು ಮುರಿಯುತ್ತೇನೆ ಎಂದ ಪಟೌಡಿ ಮರುದಿನವೇ ಔಟಾಗದೆ 238 ಹೊಡೆದರು. ರ‍್ಯಾಟ್‌ಕ್ಲಿಫನ ದಾಖಲೆಗೆ ಒಂದೇ ದಿನದ ಆಯುಸ್ಸು, ಪಟೌಡಿಯದು ಎಪ್ಪತ್ತು ವರ್ಷಕ್ಕೂ ಮೀರಿ ಉಳಿಯಿತು. 2013ರಲ್ಲಿ ಆಕ್ಸ್‌ಫರ್ಡಿನ ಸ್ಯಾಮ್ ಅಗರ್ವಾಲ್ ಔಟಾಗದೆ 313 ಹೊಡೆದು ಈ ಪಂದ್ಯದ ಮೊದಲ ತ್ರಿಶತಕ ಬರೆದರು. ಹೈದರಾಬಾದಿನ ಅಬ್ಬಾಸ್ ಅಲಿ ಬೇಗ್ 1959ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ. ಇಂಗ್ಲೆಂಡ್ ಪ್ರವಾಸದಲ್ಲಿದ್ದ ಭಾರತ ತಂಡ ಆಟಗಾರರು ಗಾಯಗೊಂಡಾಗ ಅವರನ್ನು ಕರೆಸಿಕೊಂಡಿತು. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ, ಮೊದಲ ಟೆಸ್ಟಿನಲ್ಲೇ, ಇಪ್ಪತ್ತರ ಆ ಹುಡುಗ 112 ಹೊಡೆದರು.

ತಂದೆ ಇಫ್ತಿಕಾರರ ಕಾಲೇಜಿಗೇ ಬಂದ ಮನ್ಸೂರ್ ಅಲಿ ಖಾನ್ ಪಟೌಡಿ 1960ರಲ್ಲಿ ಕೇಂಬ್ರಿಜಿನ ವಿರುದ್ಧ 131 ಹೊಡೆದು, 1961ರಲ್ಲಿ ಆಕ್ಸ್‌ಫರ್ಡಿನ ನಾಯಕರಾದರು. ಭಾರತೀಯನೊಬ್ಬನಿಗೆ ಆ ಸ್ಥಾನ ಸಿಕ್ಕದ್ದು ಅದೇ ಮೊದಲು. ಜುಲೈ 1ರಂದು ಹೋವ್ ಪಟ್ಟಣದಲ್ಲಿ ಆ ದಿನದ ಆಟ ಮುಗಿದ ಮೇಲೆ ಕಾರು ಅಪಘಾತವಾಗಿ ಗಾಜಿನ ಚೂರು ಪಟೌಡಿಯವರ ಬಲಗಣ್ಣಿಗೆ ಹೊಕ್ಕಿತು. ಆ ವರ್ಷದ ಕೇಂಬ್ರಿಜ್ ಪಂದ್ಯ ಅವರಿಗೆ ತಪ್ಪಿತು. ಆರು ತಿಂಗಳೊಳಗೆ, ಒಂದೇ ಕಣ್ಣಿನ ಬಲದಲ್ಲಿ, ಅವರು ಭಾರತದ ಪರ ಟೆಸ್ಟ್ ಆಡಿದರು. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 103 ಹೊಡೆದರು. ಅದೇ ಟೆಸ್ಟಿನಲ್ಲಿ ಮೊದಲ ಬಾರಿ ಭಾರತದ ಟೋಪಿ ತೊಟ್ಟವರು ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ ಎರಪಳ್ಳಿ ಪ್ರಸನ್ನ. ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದ ಪ್ರಸನ್ನ ಓದಿಗೆ ಮರಳಿ ಪದವಿ ಪೂರೈಸಿದರು. ಅವರು ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ, ಅದೇ ಮದ್ರಾಸಿನಲ್ಲಿ, ಪಟೌಡಿಯವರ ನಾಯಕತ್ವದಲ್ಲಿ. ಮರುವರ್ಷ ನ್ಯೂಜಿಲೆಂಡಿನಲ್ಲಿ ಭಾರತ ಮೊದಲ ಬಾರಿ ವಿದೇಶದ ಸರಣಿ ಗೆದ್ದಾಗ ಪ್ರಸನ್ನ ಪಡೆದದ್ದು 24 ವಿಕೆಟ್. ಆಕ್ಸ್‌ಫರ್ಡಿನಲ್ಲಿ ತಂಡ ಕಟ್ಟುವುದನ್ನು ಕಲಿತ ನಾಯಕನೂ, ಓದು ಮುಗಿಸಿಯೇ ಆಟಕ್ಕೆ ಮರಳಿದ ಮೈಸೂರಿನ ಬೌಲರೂ ಕೂಡಿ ತಂದ ಗೆಲುವು ಅದು. ವಿಶ್ವವಿದ್ಯಾನಿಲಯ ಕ್ರೀಡೆಯ ಬಗ್ಗೆ ನಮ್ಮಲ್ಲಿ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಹೇಳುವ ಉದಾಹರಣೆ ಇದೇ.

ನಮ್ಮ ದೇಶದಲ್ಲೂ ಇದರ ಬೇರು ಹಳೆಯದು. ಅಂತರ ವಿಶ್ವವಿದ್ಯಾನಿಲಯ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಟ್ರೋಫಿ ಶುರುವಾದದ್ದು 1935–36ರಲ್ಲಿ, ರಣಜಿ ಟ್ರೋಫಿ ಆರಂಭವಾದ ಮರುವರ್ಷವೇ. ಬ್ಲೂ ಗೌರವ ನಮ್ಮಲ್ಲಿಗೂ ಬಂತು, ಬ್ಲೇಜರೂ ಬಂತು. ಬಾರದೆ ಉಳಿದದ್ದು ಎರಡು. ಒಂದು, ತಂಡದ ಹೊಣೆಯನ್ನು ವಿದ್ಯಾರ್ಥಿ ನಾಯಕನ ಕೈಗೆ ನಿಜವಾಗಿ ಒಪ್ಪಿಸುವುದು. ನಮ್ಮಲ್ಲಿ ನಾಯಕ ಟಾಸಿಗೆ ಹೋಗುತ್ತಾನೆ. ಆಯ್ಕೆ, ಖರ್ಚು, ಪ್ರಯಾಣ ಎಲ್ಲವೂ ಕಚೇರಿಯದು. ಇನ್ನೊಂದು, ದಾಖಲೆ. ಆಕ್ಸ್‌ಫರ್ಡಿನಲ್ಲಿ 1829ರ ದೋಣಿಯಲ್ಲಿ ಯಾರು ಯಾವ ಸ್ಥಾನದಲ್ಲಿ ಕೂತಿದ್ದರೆಂದು ಇಂದು ಯಾರು ಬೇಕಾದರೂ ನೋಡಬಹುದು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಮೂವತ್ತು ವರ್ಷದ ಹಿಂದಿನ ಕಬಡ್ಡಿ ತಂಡದ ಹೆಸರುಗಳೂ ಸಿಗುವುದಿಲ್ಲ. ಬೀರು ಬದಲಾದಾಗ ಸ್ಕೋರ್ ಪುಸ್ತಕ ರದ್ದಿಗೆ ಹೋಗಿರುತ್ತದೆ, ಕಟ್ಟಡಕ್ಕೆ ಸುಣ್ಣ ಹೊಡೆಯುವಾಗ ಗೋಡೆಯ ಫೋಟೋ ಇಳಿದು ಮತ್ತೆ ಏರಿರುವುದಿಲ್ಲ.

ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನ ವಿನಂತಿ ಇಷ್ಟು: ಬರುವ ಶೈಕ್ಷಣಿಕ ವರ್ಷದಿಂದ ಆಯ್ಕೆ ಸಮಿತಿಯಲ್ಲಿ ತಂಡದ ನಾಯಕ ನಾಯಕಿಯರಿಗೂ ಮತ ಕೊಡಿ. ಪ್ರತಿ ತಂಡದ ಪಟ್ಟಿ, ಫೋಟೋ, ಸ್ಕೋರ್ ಪುಸ್ತಕದ ಒಂದೊಂದು ಪ್ರತಿಯನ್ನು ಗ್ರಂಥಾಲಯದಲ್ಲಿ ನೋಂದಾಯಿಸಿ ಇಡಿ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು: ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ನಿಮ್ಮ ಕಾಲದ ತಂಡದ ಫೋಟೋ ಇದ್ದರೆ, ಅದರ ಹಿಂಬದಿಯಲ್ಲಿ ಎಲ್ಲರ ಹೆಸರು, ಆಡಿದ ಊರು, ವರ್ಷ ಬರೆದು ನಿಮ್ಮ ಕಾಲೇಜಿನ ಗ್ರಂಥಪಾಲಕರಿಗೆ ತಲುಪಿಸಿ. ಆ ಹೆಸರುಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.